ಕಂಬಿಯನ್ನು ಬಾಗಿಸುವುದು ನೀರಲ್ಲ

ಕೆಂಪಗೆ ಕಾದ ಕಬ್ಬಿಣಕ್ಕೆ ನೀರು ಹೊಡೆದರೆ ಅದು ಡೊಂಕಾಗಿಯೇ ತೀರುವುದು, ಡೊಂಕಾಗದೆ ಉಳಿದರೂ ಪೆಡಸಾಗಿ ಮುರಿದುಬೀಳುವುದು ಎಂಬ ನಂಬಿಕೆ ಬಳ್ಳಾರಿಯಲ್ಲಿಯೂ, ಸಿರುಗುಪ್ಪ ಕುರುಗೋಡುಗಳ ಕಡೆಯೂ ಮನೆ ಕಟ್ಟಿಸುವವರ ಬಾಯಲ್ಲಿ ಕೇಳಿಬರುವುದುಂಟು. ಅದು ಕೇವಲ ನಿರಾಧಾರವೆನ್ನಲಾಗದು. ಕುಲುಮೆಯ ಅನುಭವವೇ ಅದರ ಮೂಲ. ಕಾದ ಉಳಿಯನ್ನು ತೊಟ್ಟಿಯ ನೀರಿನಲ್ಲಿ ಅಡ್ಡಲಾಗಿ ಮಲಗಿಸಿದರೆ, ನೀರು ಮೊದಲು ಮುಟ್ಟಿದ ಮಗ್ಗುಲು ಮೊದಲು ಕುಗ್ಗುವುದರಿಂದಲೂ, ಮೈಗೆ ಕವಿದ ಉಗಿಯ ತೆರೆ ಒಂದೆಡೆ ನಿಂತು ಮತ್ತೊಂದೆಡೆ ಹರಿಯುವುದರಿಂದಲೂ, ಎರಡು ಪಾರ್ಶ್ವಗಳ ಎಳೆತ ವಿಷಮವಾಗಿ ಉಳಿ ಬಿಲ್ಲಿನಂತೆ ಬಾಗುವುದು. ಆದುದರಿಂದಲೇ ಕೈ ಪಳಗಿದ ಕಮ್ಮಾರನು ಉಳಿಯನ್ನು ನೆಟ್ಟಗೆ ಇಳಿಸಿ ಅಲುಗಿಸುತ್ತಿರುವನು. ದೋಷ ನೀರಿನದಲ್ಲ, ವೈಷಮ್ಯದ್ದು.

ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯಲ್ಲಿ ತಯಾರಾಗುವಂಥ, ಕಾಂಕ್ರೀಟಿನೊಳಗೆ ಹುದುಗಿಸುವ ಟಿಎಂಟಿ ಕಂಬಿಗಳಲ್ಲಿ ಈ ವೈಷಮ್ಯವನ್ನೇ ನಿವಾರಿಸುವ ಉಪಾಯವಿದೆ. ಸುಮಾರು 1000 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಉರುಳೆಗಳಿಂದ ಹೊರಬಿದ್ದ ಸರಳು ಕೊಳವೆಯೊಳಗೆ ನುಗ್ಗುವಾಗ, ಒತ್ತಡದ ನೀರು ಸುತ್ತಲಿಂದಲೂ ಏಕಕಾಲದಲ್ಲಿ ಚಿಮ್ಮಿ, ಉಗಿಯ ತೆರೆ ನಿಲ್ಲಗೊಡದೆ, ಎಲ್ಲ ಮಗ್ಗುಲುಗಳ ಶಾಖವನ್ನೂ ಸಮವಾಗಿ ಹೀರುವುದು. ಎಳೆತಗಳು ಪರಸ್ಪರ ಸರಿದೂಗಿ ಸರಳು ನೇರವಾಗಿಯೇ ಸಾಗುವುದು. ನೀರು ಚಿಮ್ಮುವ ಒಂದು ನಳಿಕೆಯ ಬಾಯಿಗೆ ಕಬ್ಬಿಣದ ಹೊಪ್ಪಳೆ ಸಿಕ್ಕಿಕೊಂಡಿತೋ, ಆ ಮಗ್ಗುಲು ಬಿಸಿಯುಳಿದು ಡೊಂಕು ತಲೆದೋರುವುದು. ಸೋಸಿದ ನೀರು, ಶುಚಿಯಾದ ನಳಿಕೆ, ಇವೆರಡರಲ್ಲಿಯೇ ಈ ಕೌಶಲದ ಅರ್ಧ ಅಡಗಿದೆಯೆಂದು ನನ್ನ ಅಭಿಪ್ರಾಯ.

ಪೆಡಸಿನ ಭಯವೂ ಹಾಗೆಯೇ. ಆ ಕ್ಷಣಮಾತ್ರದ ಸ್ನಾನದಲ್ಲಿ ಗಟ್ಟಿಯಾಗುವುದು ಹೊರಚರ್ಮ ಮಾತ್ರ. ಇನ್ನೂ ಕೆಂಪಾಗಿರುವ ಗರ್ಭದ ಶಾಖ ಹೊರಮುಖವಾಗಿ ಹರಿದು, ಚರ್ಮವನ್ನು ಮತ್ತೆ ಸುಮಾರು 600 ಡಿಗ್ರಿಗೆ ಕಾಯಿಸಿ, ಅದರ ಪೆಡಸನ್ನು ಹದಕ್ಕೆ ತರುವುದು. ಕಂಬಿಯನ್ನು ಅಡ್ಡ ಕೊಯ್ದು, ನುಣುಪಾಗಿ ಉಜ್ಜಿ, ನೈಟ್ರಿಕ್ ಆಮ್ಲ ಬೆರೆಸಿದ ಮದ್ಯಸಾರ ಸವರಿದರೆ, ತಿಳಿಬಣ್ಣದ ತಿರುಳಿನ ಸುತ್ತ ಕಪ್ಪು ಬಳೆಯೊಂದು ಮೂಡುವುದನ್ನು ಕಣ್ಣಾರೆ ಕಾಣಬಹುದು. ಈ ಬಳೆ ಬಲವನ್ನೂ, ತಿರುಳು ಬಳುಕನ್ನೂ ಕೊಡುವುವು. ಐಎಸ್ 1786 ಮಾನದಂಡದಂತೆ ಎಫ್ಇ 500ಡಿ ದರ್ಜೆಯ ಕಂಬಿ ತುಂಡಾಗುವ ಮುನ್ನ ಶೇಕಡ 16ರಷ್ಟಾದರೂ ಹಿಗ್ಗತಕ್ಕದ್ದು.

ಟಿಎಂಟಿ ಎಂದರೆ ತಿರುಚಿದ ಕಂಬಿಯೆಂಬುದು ಇನ್ನೊಂದು ಭ್ರಮೆ. ತಣ್ಣಗೆ ತಿರುಚಿ ಬಲ ಬರಿಸುತ್ತಿದ್ದುದು ಹಿಂದಿನ ಟಾರ್ ಕಂಬಿ. ಈಗಿನದರ ಮೈಮೇಲಣ ಏಣುಗಳು ಕಾಂಕ್ರೀಟಿನ ಹಿಡಿತಕ್ಕಾಗಿ ಉರುಳೆಯಲ್ಲಿಯೇ ಒತ್ತಿದವು.

ಕಂಬಿಯ ಬಲ ಹೊರಗಿನ ಕಪ್ಪು ಬಳೆಯ ಹದದಲ್ಲಿದೆ ಎಂಬುದನ್ನರಿಯದೆ ದಪ್ಪ ಕಂಬಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸುವವರುಂಟು. ಹಾಗೆ ಮಾಡಿದೆಡೆ ಆ ಬಳೆಯ ಹದ ಕೆಟ್ಟು ಬಲ ಕುಂದುವುದು; ಕಂಬಿಯನ್ನು ತಣ್ಣಗಿರುವಾಗಲೇ, ತಕ್ಕ ದಪ್ಪದ ಗೂಟಕ್ಕೆ ಒರಗಿಸಿ, ಮೆಲ್ಲಗೆ ಬಗ್ಗಿಸತಕ್ಕದ್ದು.