ಬರ್ಲಿನ್ ಎಸ್-ಬಾನ್: ಗಾಲಿಯ ದಣಿವು, ರೇಕಿನ ಲೆಕ್ಕ, ಚಾಲಕರ ಪಾಳಿ

ಬರ್ಲಿನ್ ನಗರದ ಲೋಕಲ್ ರೈಲು ಜಾಲದ ಹೆಸರು ಎಸ್-ಬಾನ್. ಸುಮಾರು 340 ಕಿ.ಮೀ. ಮಾರ್ಗ, 168 ನಿಲ್ದಾಣ, 16 ಲೈನುಗಳು ಇದರ ವ್ಯಾಪ್ತಿ. ಇಲ್ಲಿನ ಮೊದಲ ವಿದ್ಯುತ್ ಲೋಕಲ್ ರೈಲು 1924ರ ಆಗಸ್ಟ್ 8ರಂದು ನಗರದ ಷ್ಟೆಟ್ಟಿನರ್ ನಿಲ್ದಾಣದಿಂದ ಬೆರ್ನಾವ್ ಊರಿಗೆ ಹೋಯಿತು. ಆಗ ಆರಿಸಿಕೊಂಡ ವಿದ್ಯುತ್ ಪದ್ಧತಿಯೇ ನೂರು ವರ್ಷಗಳ ನಂತರವೂ ಈ ಜಾಲದ ಹಣೆಬರಹವನ್ನು ನಿರ್ಧರಿಸುತ್ತಿದೆ. ತಲೆಯ ಮೇಲೆ ತಂತಿ ಇಲ್ಲ. ಹಳಿಗಳ ಪಕ್ಕದಲ್ಲೇ ಮೂರನೇ ಹಳಿಯೊಂದು ಸಾಗುತ್ತದೆ. ಅದರ ಕೆಳಮೈಯನ್ನು ಸವರುತ್ತಾ ಹೋಗುವ ಲೋಹದ ಷೂ 750 ವೋಲ್ಟ್ ಡಿ.ಸಿ. ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊ ಓಡುವುದೂ 750 ವೋಲ್ಟ್‌ನ ಮೂರನೇ ಹಳಿಯಿಂದಲೇ.

ಜರ್ಮನಿಯ ಉಳಿದ ವಿದ್ಯುತ್ ರೈಲುಗಳಲ್ಲಿ ಬಹುಪಾಲು 15,000 ವೋಲ್ಟ್‌ನ ಮೇಲ್ತಂತಿಯಿಂದ ನಡೆಯುತ್ತವೆ. ಹ್ಯಾಂಬರ್ಗ್‌ನ ಲೋಕಲ್ ರೈಲಿಗೂ ಮೂರನೇ ಹಳಿಯಿದೆ, ಆದರೆ ಅಲ್ಲಿ 1,200 ವೋಲ್ಟ್. ಬರ್ಲಿನ್‌ನದೇ ಸುರಂಗ ರೈಲಾದ ಊ-ಬಾನ್‌ನ ಬೋಗಿಗಳ ಅಳತೆಯೇ ಬೇರೆ. ಹೀಗಾಗಿ ಮ್ಯೂನಿಕ್‌ನ ಲೋಕಲ್ ರೈಲುಗಳನ್ನು ತಂದು ಬರ್ಲಿನ್‌ನಲ್ಲಿ ಓಡಿಸಲು ಆಗುವುದಿಲ್ಲ, ಬರ್ಲಿನ್‌ನ ರೈಲುಗಳನ್ನು ಬೇರೆಲ್ಲಿಗೂ ಮಾರಲೂ ಬರುವುದಿಲ್ಲ. ರೈಲು ಸಾಲದೆ ಬಂದರೆ ಎರವಲು ಸಿಗುವ ಜಾಗವೇ ಇಲ್ಲ. ಹೊಸದನ್ನು ಮಾಡಿಸಬೇಕೆಂದರೆ ಒಂದೇ ಊರಿಗಾಗಿ ವಿನ್ಯಾಸ, ಒಂದೇ ಊರಿಗಾಗಿ ಪರೀಕ್ಷೆ. 2015ರ ಡಿಸೆಂಬರ್‌ನಲ್ಲಿ ಸೀಮೆನ್ಸ್ ಮತ್ತು ಸ್ಟಾಡ್ಲರ್ ಕಂಪನಿಗಳಿಗೆ ಕೊಟ್ಟ ಆರ್ಡರಿನ ಮೊದಲ ರೈಲುಗಳು ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು 2021ರ ಜನವರಿ 1ರಂದು, ಎಸ್-47 ಲೈನಿನಲ್ಲಿ. ನಡುವೆ ಐದು ವರ್ಷ ಕಳೆದಿತ್ತು.

ಎಸ್-ಬಾನ್‌ನಲ್ಲಿ ರೈಲುಗಳನ್ನು ಎಣಿಸುವುದೇ ಕಾಲಿನ ಲೆಕ್ಕದಲ್ಲಿ. ಬಿಡಿಸಲಾಗದಂತೆ ಜೋಡಿಸಿದ ಎರಡು ಬೋಗಿಗಳು ಸೇರಿದರೆ ಒಂದು ಕಾಲು ರೈಲು. ಅಂಥ ನಾಲ್ಕು ಸೇರಿ ಎಂಟು ಬೋಗಿಗಳಾದರೆ ಪೂರ್ಣ ರೈಲು, ಉದ್ದ ಸುಮಾರು 150 ಮೀಟರ್. ಜನ ಕಡಿಮೆ ಇರುವ ಹೊತ್ತಿನಲ್ಲಿ ಅರ್ಧ ರೈಲು ಸಾಕು, ದಟ್ಟಣೆಯಲ್ಲಿ ಮುಕ್ಕಾಲು ಅಥವಾ ಪೂರ್ಣ ರೈಲು ಬೇಕು. ಈ ಏರ್ಪಾಡು 1920ರ ದಶಕದಿಂದಲೂ ಇದೆ. ಆ ಕಾಲದಲ್ಲಿ ಬಂದ ಷ್ಟಾಟ್‌ಬಾನ್ ಮಾದರಿಯ ಬೋಗಿಗಳು ಮಹಾಯುದ್ಧವನ್ನೂ ನಗರದ ವಿಭಜನೆಯನ್ನೂ ದಾಟಿ ಬಂದವು. ಕೊನೆಯವು ನಿವೃತ್ತಿಯಾದದ್ದು 1997ರಲ್ಲಿ. ಒಂದು ವಿನ್ಯಾಸ ಇಷ್ಟು ದೀರ್ಘಕಾಲ ದುಡಿದದ್ದು ಅಚ್ಚರಿಯ ಸಂಗತಿ.

ಒಂದು ಲೈನಿಗೆ ಎಷ್ಟು ರೈಲು ಬೇಕೆಂಬ ಲೆಕ್ಕ ಸರಳ. ಹೊರಟ ಜಾಗಕ್ಕೆ ರೈಲು ಮರಳಿ ಬಂದು ಮತ್ತೆ ಹೊರಡಲು ಸಿದ್ಧವಾಗುವ ವೇಳೆಯನ್ನು ಎರಡು ರೈಲುಗಳ ನಡುವಿನ ಅಂತರದಿಂದ ಭಾಗಿಸಿದರೆ ಆಯಿತು. ಬರ್ಲಿನ್‌ನ ವರ್ತುಲ ಮಾರ್ಗ ಇದಕ್ಕೆ ಒಳ್ಳೆಯ ಉದಾಹರಣೆ. 37 ಕಿ.ಮೀ., 27 ನಿಲ್ದಾಣ, ಒಂದು ಸುತ್ತಿಗೆ ಸರಿಯಾಗಿ 60 ನಿಮಿಷ. 1961ರಲ್ಲಿ ಪೂರ್ವ ಮತ್ತು ಪಶ್ಚಿಮ ಬರ್ಲಿನ್‌ಗಳ ನಡುವೆ ಎದ್ದ ಗೋಡೆ ಈ ವರ್ತುಲವನ್ನು ಕತ್ತರಿಸಿತ್ತು. ಅದು ಮತ್ತೆ ಪೂರ್ಣವಾಗಿ ಕೂಡಿಕೊಂಡದ್ದು 2002ರ ಜೂನ್‌ನಲ್ಲಿ. ದಟ್ಟಣೆಯ ವೇಳೆ ಐದು ನಿಮಿಷಕ್ಕೊಂದು ರೈಲು ಬೇಕೆಂದರೆ ಒಂದು ದಿಕ್ಕಿಗೆ 12, ಎರಡೂ ದಿಕ್ಕಿಗೆ 24 ರೈಲುಗಳು. ಎಲ್ಲವೂ ಪೂರ್ಣ ರೈಲುಗಳಾದರೆ 96 ಕಾಲು ರೈಲುಗಳು ಈ ಒಂದು ವರ್ತುಲಕ್ಕೇ ಬೇಕು. ಬೆಂಗಳೂರಿನ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಮೂರೇ ರೈಲುಗಳೊಂದಿಗೆ ಆರಂಭವಾದಾಗ 25 ನಿಮಿಷಕ್ಕೊಂದು ರೈಲು ಬರುತ್ತಿದ್ದುದೂ ಇದೇ ಲೆಕ್ಕದ ಫಲ. ಹಳಿ, ನಿಲ್ದಾಣ, ಸಿಗ್ನಲ್ ಎಲ್ಲ ಸಿದ್ಧವಿದ್ದರೂ ರೇಕುಗಳ, ಅಂದರೆ ಬೋಗಿ ಜೋಡಿಸಿ ಸಿದ್ಧವಾದ ರೈಲುಗಳ, ಸಂಖ್ಯೆ ಅಂತರವನ್ನು ಹಿಡಿದು ನಿಲ್ಲಿಸುತ್ತದೆ.

ಈ ಭಾಗಾಕಾರದಲ್ಲಿ ವೇಗವೂ ಅಡಗಿದೆ. ರೈಲು ನಿಧಾನವಾದರೆ ಸುತ್ತಿನ ವೇಳೆ ಹಿಗ್ಗುತ್ತದೆ. ಅದೇ ಅಂತರ ಕಾಯ್ದುಕೊಳ್ಳಲು ಇನ್ನಷ್ಟು ರೈಲು ಬೇಕಾಗುತ್ತದೆ. ವರ್ತುಲ ಮಾರ್ಗದಲ್ಲಿ ಕೊನೆಯ ನಿಲ್ದಾಣ ಎಂಬುದೇ ಇಲ್ಲ. ಬೇರೆ ಲೈನುಗಳಲ್ಲಿ ತುದಿ ನಿಲ್ದಾಣದ ಬಿಡುವಿನಲ್ಲಿ ತಡವನ್ನು ಸರಿದೂಗಿಸಿಕೊಳ್ಳಬಹುದು. ಇಲ್ಲಿ ಎರಡು ನಿಮಿಷದ ತಡ ಮುಂದಿನ ಸುತ್ತಿಗೂ ಹಾಗೆಯೇ ದಾಟಿಕೊಳ್ಳುತ್ತದೆ.

ಲೆಕ್ಕದಲ್ಲಿ ಬಂದಷ್ಟು ರೈಲುಗಳನ್ನೇ ಕೊಂಡರೆ ಸಾಲದು. ಯಾವುದೇ ದಿನ ಕೆಲವು ರೈಲುಗಳು ಕಾರ್ಯಾಗಾರದಲ್ಲಿರುತ್ತವೆ, ಕೆಲವು ಕೆಟ್ಟ ರೈಲಿನ ಬದಲಿಗೆ ಹೊರಡಲು ಕಾದು ನಿಂತಿರುತ್ತವೆ. ಲೋಕಲ್ ರೈಲಿನ ಬದುಕು ದೂರದೂರಿನ ರೈಲಿನ ಬದುಕಿಗಿಂತ ಕಠಿಣ. ಒಂದೆರಡು ಕಿಲೋಮೀಟರಿಗೊಮ್ಮೆ ನಿಲ್ಲಬೇಕು, ಹೊರಡಬೇಕು, ಬಾಗಿಲು ತೆರೆದು ಮುಚ್ಚಬೇಕು. ಬ್ರೇಕು, ಮೋಟರು, ಬಾಗಿಲಿನ ಯಂತ್ರ ಎಲ್ಲವೂ ಸವೆಯುತ್ತವೆ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗಾಲಿ ಮತ್ತು ಅಚ್ಚುಗಳ ದಣಿವು. ಲೋಹ ದಣಿಯುತ್ತದೆ ಎಂಬ ವಿಷಯವನ್ನು ಜಗತ್ತಿಗೆ ಅಳೆದು ತೋರಿಸಿದವರು ಇದೇ ಸೀಮೆಯ ರೈಲ್ವೆ ಎಂಜಿನಿಯರ್.

ಆ ಕಥೆ ಆರಂಭವಾಗುವುದು ಒಂದು ಅಪಘಾತದಿಂದ. 1842ರ ಮೇ 8ರಂದು ವರ್ಸಾಯ್‌ನಿಂದ ಪ್ಯಾರಿಸ್‌ಗೆ ಬರುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿಯಿತು. ಬೋಗಿಗಳು ಒಂದರ ಮೇಲೊಂದು ಏರಿ ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಜನ ಸತ್ತರು; ಅಂಟಾರ್ಕ್ಟಿಕ ತೀರವನ್ನು ಕಂಡು ಮರಳಿದ್ದ ನಾವಿಕ ದ್ಯುಮಾಂ ದುರ್ವಿಲ್ ಅವರಲ್ಲೊಬ್ಬರು. ಮಾಮೂಲಿ ಹೊರೆಯನ್ನೇ ಹೊತ್ತು ವರ್ಷಗಟ್ಟಲೆ ಓಡಿದ ಅಚ್ಚು ಒಂದು ದಿನ ಇದ್ದಕ್ಕಿದ್ದಂತೆ ಏಕೆ ಮುರಿಯಬೇಕು? ಅಲುಗಾಟದಿಂದ ಕಬ್ಬಿಣದ ಒಳರಚನೆ ಬದಲಾಗಿ ಹರಳುಗಟ್ಟುತ್ತದೆ ಎಂಬುದು ಆ ಕಾಲದ ಅನೇಕರ ನಂಬಿಕೆ.

ಆಗಸ್ಟ್ ವ್ಯೋಲರ್ ಈ ಪ್ರಶ್ನೆಯನ್ನು ಅಳತೆಗೆ ಒಡ್ಡಿದರು. 1819ರಲ್ಲಿ ಹುಟ್ಟಿದ ಇವರು ಬರ್ಲಿನ್ನನ್ನು ಬ್ರೆಸ್ಲಾವ್ ನಗರಕ್ಕೆ ಜೋಡಿಸುತ್ತಿದ್ದ ರೈಲ್ವೆಯಲ್ಲಿ, ಓಡರ್ ನದಿಯ ಫ್ರಾಂಕ್‌ಫರ್ಟ್‌ನಲ್ಲಿ, ಎಂಜಿನ್ ಮತ್ತು ಬೋಗಿಗಳ ಉಸ್ತುವಾರಿ ನೋಡುತ್ತಿದ್ದರು. ಇಂದು ಎಸ್-3 ಲೈನು ಎರ್ಕ್‌ನರ್‌ವರೆಗೆ ಸಾಗುವುದು ಆ ಹಳೆಯ ದಾರಿಯ ಜೊತೆಯಲ್ಲೇ. ವ್ಯೋಲರ್ ಮೊದಲು ಓಡುವ ರೈಲಿನ ಅಚ್ಚುಗಳಿಗೇ ಅಳತೆಯ ಉಪಕರಣ ಕಟ್ಟಿ, ಅವು ಎಷ್ಟು ಬಾಗುತ್ತವೆಂದು ಕಂಡುಕೊಂಡರು. ನಂತರ ಉಕ್ಕಿನ ಸರಳುಗಳನ್ನು ಬಾಗಿಸಿಟ್ಟು ತಿರುಗಿಸುವ ಯಂತ್ರಗಳನ್ನು ಮಾಡಿಸಿ, ಮುರಿಯುವವರೆಗೂ ಸುತ್ತಿಸಿ ಸುತ್ತುಗಳನ್ನು ಎಣಿಸಿದರು. ವರ್ಷಗಳ ಕಾಲ ಹೀಗೆ ಎಣಿಸಿದ ಫಲ 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಕೋಷ್ಟಕಗಳಾಗಿ ಕಾಣಿಸಿತು. ಕೊನೆಯ ವರದಿ 1870ರಲ್ಲಿ ಅಚ್ಚಾಯಿತು.

ಅವರು ಕಂಡದ್ದು ಇಷ್ಟು: ಒಂದೇ ಸಲಕ್ಕೆ ಮುರಿಯಲು ಬೇಕಾದ ಬಲಕ್ಕಿಂತ ಬಹಳ ಕಡಿಮೆ ಬಲವೂ ಮತ್ತೆ ಮತ್ತೆ ಬಿದ್ದರೆ ಉಕ್ಕನ್ನು ಮುರಿಯುತ್ತದೆ. ತಂತಿಯೊಂದನ್ನು ಕೈಯಲ್ಲಿ ಜಗ್ಗಿ ತುಂಡರಿಸಲಾಗದವರೂ ಅತ್ತಿತ್ತ ಬಾಗಿಸಿ ಬಾಗಿಸಿ ತುಂಡು ಮಾಡಬಲ್ಲರು; ತಂತಿ ಸೋಲುವುದು ಬಾಗಿಸಿದ ಎಣಿಕೆಗೆ. ಅಚ್ಚು ಮುರಿಯುವುದರಲ್ಲಿ ಹೊರೆಯ ಗರಿಷ್ಠ ಮಟ್ಟಕ್ಕಿಂತ ಅದರ ಏರಿಳಿತದ ಪಾತ್ರ ದೊಡ್ಡದೆಂದು ವ್ಯೋಲರ್ ತೋರಿಸಿದರು. ತಿರುಗುವ ಅಚ್ಚಿನ ಮೇಲ್ಮೈಯ ಒಂದು ಬಿಂದುವನ್ನು ಗಮನಿಸಿದರೆ ಅದು ಪ್ರತಿ ಸುತ್ತಿನಲ್ಲೂ ಒಮ್ಮೆ ಹಿಗ್ಗುತ್ತದೆ, ಒಮ್ಮೆ ಕುಗ್ಗುತ್ತದೆ. ಏರಿಳಿತವನ್ನು ಒಂದು ಮಿತಿಗಿಂತ ಕೆಳಗಿಟ್ಟರೆ ಉಕ್ಕು ಕೋಟಿಗಟ್ಟಲೆ ಸುತ್ತು ತಾಳಬಲ್ಲದು ಎಂಬುದು ಎರಡನೆಯ ತೀರ್ಮಾನ. ಹೊರೆಯ ಏರಿಳಿತಕ್ಕೂ ತಾಳುವ ಸುತ್ತುಗಳಿಗೂ ಇರುವ ಸಂಬಂಧವನ್ನು ತೋರಿಸುವ ರೇಖೆಗೆ ಇಂದಿಗೂ ವ್ಯೋಲರ್ ರೇಖೆ ಎಂದೇ ಹೆಸರು. ವಿಮಾನದ ರೆಕ್ಕೆ, ಸೇತುವೆಯ ತೊಲೆ, ಗಾಳಿಯಂತ್ರದ ಅಲಗು ಎಲ್ಲದರ ವಿನ್ಯಾಸಕ್ಕೂ ಅದು ಬುನಾದಿ. ಬಿರುಕು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ ಎಂಬ ವಿವರ ತಿಳಿಯಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಆದರೆ ರೈಲ್ವೆಗಳಿಗೆ ತುರ್ತಾಗಿ ಬೇಕಿದ್ದ ಉತ್ತರ ವ್ಯೋಲರ್ ಅವರ ಎಣಿಕೆಯಲ್ಲೇ ಸಿಕ್ಕಿತ್ತು.

ಎಸ್-ಬಾನ್ ಗಾಲಿಯ ಸುತ್ತಳತೆ ಸುಮಾರು ಎರಡೂವರೆ ಮೀಟರ್. ಒಂದು ಕಿಲೋಮೀಟರಿಗೆ 400 ಸುತ್ತು. ವರ್ಷಕ್ಕೆ ಒಂದು ಲಕ್ಷ ಕಿ.ಮೀ. ಓಡಿತೆಂದು ಇಟ್ಟುಕೊಂಡರೆ 4 ಕೋಟಿ ಸುತ್ತು. ಇದರ ಮೇಲೆ ತಿರುವಿನ ಒತ್ತಡ, ಹಳಿಗಳು ಕವಲೊಡೆಯುವಲ್ಲಿನ ಹೊಡೆತ, ಬ್ರೇಕಿನ ಬಿಸಿ. ಗಾಲಿ ಎಲ್ಲಾದರೂ ಜಾರಿ ಒಂದು ಕಡೆ ಚಪ್ಪಟೆಯಾದರೆ ಆಮೇಲಿನ ಪ್ರತಿ ಸುತ್ತೂ ಒಂದು ಸುತ್ತಿಗೆ ಏಟು. ಆದ್ದರಿಂದಲೇ ನಿಗದಿತ ಕಿಲೋಮೀಟರುಗಳಿಗೊಮ್ಮೆ ಗಾಲಿಗಳನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿ, ಕಣ್ಣಿಗೆ ಕಾಣದ ಬಿರುಕುಗಳನ್ನು ಹುಡುಕಬೇಕು. ಆ ಹೊತ್ತಿಗೆ ರೈಲು ಹಳಿಯ ಮೇಲಿರದೆ ಕಾರ್ಯಾಗಾರದಲ್ಲಿರಬೇಕು.

2009ರಲ್ಲಿ ಬರ್ಲಿನ್‌ನ ಬಳಿ 632 ಕಾಲು ರೈಲುಗಳಿದ್ದವು. ಅವುಗಳಲ್ಲಿ 500 ಒಂದೇ ಮಾದರಿಯವು, 1990ರ ದಶಕದಲ್ಲಿ ಬರತೊಡಗಿದ 481 ವರ್ಗದ ರೈಲುಗಳು. ಉಳಿದವು ವಿಭಜಿತ ನಗರದ ಕೊನೆಯ ದಿನಗಳಲ್ಲಿ ರೂಪುಗೊಂಡ ಎರಡು ಮಾದರಿಗಳು: ಪಶ್ಚಿಮ ಬರ್ಲಿನ್‌ಗಾಗಿ ಮಾಡಿಸಿದ 480, ಪೂರ್ವದ ಹೆನ್ನಿಗ್ಸ್‌ಡಾರ್ಫ್ ಕಾರ್ಖಾನೆಯ 485. ಒಂದೇ ಮಾದರಿ ಹೆಚ್ಚಿದ್ದರೆ ಬಿಡಿಭಾಗ ಅಗ್ಗ, ತರಬೇತಿ ಸುಲಭ. ಆದರೆ ಅದರಲ್ಲಿ ಒಂದು ದೋಷ ಕಂಡರೆ ಐನೂರರಲ್ಲೂ ಆ ದೋಷವಿದೆಯೆಂದೇ ಭಾವಿಸಬೇಕು. ಹಾಗೆಯೇ ಆಯಿತು. 2009ರ ಮೇ 1ರಂದು ಕೌಲ್ಸ್‌ಡಾರ್ಫ್ ನಿಲ್ದಾಣದ ಬಳಿ 481 ವರ್ಗದ ರೈಲೊಂದರ ಗಾಲಿ ಒಡೆದು ರೈಲು ಹಳಿ ತಪ್ಪಿತು. ಜರ್ಮನಿಯ ರೈಲು ಸುರಕ್ಷತಾ ಪ್ರಾಧಿಕಾರ ಗಾಲಿಗಳ ಪರೀಕ್ಷೆಯನ್ನು ಬಿಗಿಗೊಳಿಸಿತು. ಒಪ್ಪಿಕೊಂಡಿದ್ದ ಪರೀಕ್ಷೆಗಳು ಸಕಾಲಕ್ಕೆ ನಡೆದಿಲ್ಲವೆಂದು ಜೂನ್ ಕೊನೆಗೆ ಬಯಲಾದಾಗ ರೈಲುಗಳು ಸಾಲುಸಾಲಾಗಿ ಸೇವೆಯಿಂದ ಹೊರಬಿದ್ದವು. ಜುಲೈನಲ್ಲಿ ಎಸ್-ಬಾನ್‌ನ ಆಡಳಿತ ಮಂಡಳಿಯೇ ಬದಲಾಯಿತು. ಜುಲೈ 20ರಿಂದ ನಗರದ ನಟ್ಟನಡುವೆ, ಝೂ ನಿಲ್ದಾಣದಿಂದ ಓಸ್ಟ್‌ಬಾನ್‌ಹೋಫ್‌ವರೆಗೆ, ಎಸ್-ಬಾನ್ ಸಂಚಾರವೇ ನಿಂತಿತು. ಸೆಪ್ಟೆಂಬರ್‌ನಲ್ಲಿ ಬ್ರೇಕ್ ಸಿಲಿಂಡರ್‌ಗಳ ನಿರ್ವಹಣೆಯ ಲೋಪ ಹೊರಬಂದಾಗ ಓಡಬಲ್ಲ ರೈಲುಗಳು ಮತ್ತೆ ಒಟ್ಟು ಸಂಖ್ಯೆಯ ಸುಮಾರು ಕಾಲುಭಾಗಕ್ಕೆ ಇಳಿದವು.

ಇದನ್ನು ಬರೀ ಗಾಲಿಯ ದೋಷವೆಂದು ಬರೆದರೆ ಅರ್ಧ ಸತ್ಯವಾಗುತ್ತದೆ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಖರ್ಚು ತಗ್ಗಿಸುವ ಹೆಸರಿನಲ್ಲಿ ಕಾರ್ಯಾಗಾರಗಳನ್ನು ಮುಚ್ಚಲಾಗಿತ್ತು, ಕೆಲಸಗಾರರನ್ನು ಕಡಿಮೆ ಮಾಡಲಾಗಿತ್ತು. 2006ರಲ್ಲಿ ಮುಚ್ಚಿದ್ದ ಫ್ರೀಡ್ರಿಕ್ಸ್‌ಫೆಲ್ಡ ಕಾರ್ಯಾಗಾರವನ್ನು ಬಿಕ್ಕಟ್ಟಿನ ನಂತರ ಮತ್ತೆ ತೆರೆಯಬೇಕಾಯಿತು. ನೂರಾರು ರೈಲುಗಳ ಗಾಲಿಗಳನ್ನು ಒಮ್ಮೆಲೇ ಪರೀಕ್ಷಿಸಬೇಕಾಗಿ ಬಂದಾಗ ಅದಕ್ಕೆ ಬೇಕಾದ, ರೈಲಿನ ಅಡಿಗಿಳಿದು ನೋಡುವ ಗುಂಡಿ, ಉಪಕರಣ, ನುರಿತ ಕೈಗಳು ಯಾವುವೂ ಸಾಕಷ್ಟು ಇರಲಿಲ್ಲ. ಮೀಸಲು ಶಕ್ತಿ ಸುಮ್ಮನೆ ಬಿದ್ದಿರುವ ಸ್ವತ್ತಿನಂತೆ ಲೆಕ್ಕಪತ್ರಕ್ಕೆ ಕಾಣುತ್ತದೆ, ನಿಜದಲ್ಲಿ ಅದು ಪ್ರತಿದಿನವೂ ಕೆಲಸ ಮಾಡುತ್ತಿರುತ್ತದೆ. 481 ವರ್ಗದ ರೈಲುಗಳಿಗೆ ಮುಂದೆ ಹೊಸ ವಿನ್ಯಾಸದ ಗಾಲಿಗಳು ಬಂದವು. ಬ್ರೇಕಿನ ತೊಂದರೆಗಳಿಂದಾಗಿ ಅವುಗಳ ವೇಗಮಿತಿಯನ್ನು ಗಂಟೆಗೆ 100 ಕಿ.ಮೀ.ಯಿಂದ 80ಕ್ಕೆ ಇಳಿಸಲಾಯಿತು. ರೈಲುಗಳು ಕಡಿಮೆಯಾದಾಗಲೇ ಸುತ್ತಿನ ವೇಳೆ ಹೆಚ್ಚಿತೆಂದರೆ ವೇಳಾಪಟ್ಟಿ ಮಾಡುವವರ ಪಾಡು ಏನಾಗಿರಬೇಕು!

2021ರಿಂದ ಬಂದ 483 ಮತ್ತು 484 ವರ್ಗಗಳಲ್ಲಿ ಎರಡು ಬೋಗಿಯ 21 ರೈಲುಗಳು, ನಾಲ್ಕು ಬೋಗಿಯ 85 ರೈಲುಗಳಿವೆ; ಒಟ್ಟು 382 ಬೋಗಿ. ಇವು ಬಂದ ಮೇಲೆ ಪೂರ್ವದ 485 ವರ್ಗದ ರೈಲುಗಳಿಗೆ 2023ರ ನವೆಂಬರ್‌ನಲ್ಲಿ ವಿದಾಯ ಹೇಳಲಾಯಿತು.

ರೇಕು ಇದ್ದರೂ ಓಡಿಸುವವರು ಬೇಕು. ದಿನಕ್ಕೆ 20 ಗಂಟೆಯಂತೆ ವಾರವಿಡೀ ಓಡುವ ಒಂದು ರೈಲಿಗೆ 140 ಗಂಟೆಗಳ ಚಾಲನೆ ಬೇಕು. ವಾರಕ್ಕೆ 38 ಗಂಟೆ ದುಡಿಯುವ ಚಾಲಕರಿದ್ದರೆ ಮೇಲ್ನೋಟಕ್ಕೆ ನಾಲ್ಕು ಜನ ಸಾಕೆನಿಸುತ್ತದೆ. ಆದರೆ ರೈಲನ್ನು ಸಿದ್ಧಪಡಿಸಿ ಪರೀಕ್ಷಿಸುವುದು, ನಡುವಿನ ವಿರಾಮ, ಬೇರೆ ನಿಲ್ದಾಣಕ್ಕೆ ಹೋಗಿ ಪಾಳಿ ಹಿಡಿಯುವುದು ಕೂಡ ಆ 38 ಗಂಟೆಯೊಳಗೇ ಬರುತ್ತವೆ. ರಜೆ, ಕಾಯಿಲೆ, ಪುನರ್ತರಬೇತಿ ಕಳೆದರೆ ಒಂದು ರೈಲಿಗೆ ಐದಾರು ಜನ ಬೇಕೇ ಬೇಕು. ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಎರಡು ಪಾಳಿಗಳ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವು ಕೊಡಬೇಕು ಎಂಬ ಕಾನೂನಿನ ಕಟ್ಟು ಬೇರೆ. ಎಸ್-ಬಾನ್ ನಡೆಸುವ ಜರ್ಮನ್ ರೈಲ್ವೆ ಕಂಪನಿ ಡಾಯ್ಚ ಬಾನ್ ಮತ್ತು ಚಾಲಕರ ಸಂಘ ಜಿಡಿಎಲ್ 2024ರ ಮಾರ್ಚ್‌ನಲ್ಲಿ ಮಾಡಿಕೊಂಡ ಒಪ್ಪಂದ ಪಾಳಿ ಕೆಲಸಗಾರರ ವಾರವನ್ನು 2029ರ ಹೊತ್ತಿಗೆ 35 ಗಂಟೆಗೆ ಇಳಿಸುವ ದಾರಿ ತೆರೆದಿದೆ. ಇಷ್ಟಪಟ್ಟವರು ಹೆಚ್ಚು ದುಡಿದು ಹೆಚ್ಚು ಸಂಬಳ ಪಡೆಯಬಹುದು. ಎಲ್ಲರೂ 35ನ್ನೇ ಆರಿಸಿದರೆ ನೂರು ಜನರ ಕೆಲಸಕ್ಕೆ ನೂರೆಂಟಕ್ಕೂ ಹೆಚ್ಚು ಜನ ಬೇಕು. ಹಗಲು ರಾತ್ರಿ ಪಾಳಿ ಬದಲಿಸುತ್ತಾ ನಿದ್ದೆ ಕಳೆದುಕೊಳ್ಳುವ ಚಾಲಕರಿಗೆ ಈ ಕಡಿತ ನ್ಯಾಯವಾಗಿ ಸಲ್ಲಬೇಕಾದ್ದು.

ಚಾಲಕರನ್ನು ದಿಢೀರನೆ ತಯಾರಿಸಲೂ ಆಗುವುದಿಲ್ಲ. ಶಾಲೆ ಮುಗಿಸಿ ಬಂದವರಿಗೆ ಮೂರು ವರ್ಷದ ತರಬೇತಿ. ಬೇರೆ ವೃತ್ತಿ ಬಿಟ್ಟು ಬಂದವರಿಗೂ ಹೆಚ್ಚುಕಡಿಮೆ ಒಂದು ವರ್ಷ. ಆಮೇಲೂ ಪ್ರತಿ ಮಾದರಿಯ ರೈಲಿಗೆ, ಪ್ರತಿ ಮಾರ್ಗಕ್ಕೆ ಪ್ರತ್ಯೇಕ ಅರ್ಹತೆ ಬೇಕು. ಇನ್ನೊಂದೆಡೆ ಚಾಲಕರ ಕೆಲಸವೂ ಹಿಗ್ಗಿದೆ. ಹಿಂದೆ ಪ್ರತಿ ಪ್ಲಾಟ್‌ಫಾರ್ಮಿನಲ್ಲೂ ಮೇಲ್ವಿಚಾರಕರೊಬ್ಬರು ನಿಂತು, ಹತ್ತುವವರನ್ನು ತಡೆದು, ಹೊರಡುವ ಸನ್ನೆ ಕೊಡುತ್ತಿದ್ದರು. ಈಗ ಪ್ಲಾಟ್‌ಫಾರ್ಮಿನ ಕ್ಯಾಮೆರಾಗಳ ದೃಶ್ಯ ರೇಡಿಯೊ ಮೂಲಕ ಚಾಲಕರ ಮುಂದಿನ ಪರದೆಗೆ ಬರುತ್ತದೆ. ಬಾಗಿಲಲ್ಲಿ ಯಾರೂ ಸಿಕ್ಕಿಕೊಂಡಿಲ್ಲವೆಂದು ನೋಡಿ ಹೊರಡುವುದು ಅವರದೇ ಹೊಣೆ.

ಚಾಲಕರೇ ಇಲ್ಲದ ರೈಲು ಬಂದರೆ ಈ ಕೊರತೆ ನೀಗುತ್ತದೆಂಬ ಮಾತು ಆಗಾಗ ಕೇಳಿಬರುತ್ತದೆ. ನ್ಯೂರೆಂಬರ್ಗ್‌ನ ಸುರಂಗ ರೈಲಿನ ಒಂದು ಲೈನು 2008ರಿಂದ ಚಾಲಕರಿಲ್ಲದೆ ಓಡುತ್ತಿದೆ, ನಿಜ. 2021ರ ಅಕ್ಟೋಬರ್‌ನಲ್ಲಿ ಹ್ಯಾಂಬರ್ಗ್ ಎಸ್-ಬಾನ್‌ನಲ್ಲಿ ತೋರಿಸಿದ ಸ್ವಯಂಚಾಲಿತ ರೈಲಿನ ಬಗ್ಗೆ ಪತ್ರಿಕೆಗಳು ಸಂಭ್ರಮದಿಂದ ಬರೆದವು. ಆದರೆ ಪ್ರಯಾಣಿಕರಿದ್ದಾಗ ಆ ರೈಲಿನಲ್ಲಿ ಚಾಲಕರೂ ಇದ್ದರು. ಯಂತ್ರ ವೇಗವನ್ನೂ ನಿಲುಗಡೆಯನ್ನೂ ನೋಡಿಕೊಂಡಿತು, ಏನಾದರೂ ಎಡವಟ್ಟಾದರೆ ಮನುಷ್ಯರ ಕೈ ಬೇಕೇ ಬೇಕಿತ್ತು. ಸುರಂಗದಲ್ಲಿ ಹಳಿಯ ಮೇಲೆ ಬೇರೆಯವರು ಬರುವ ಸಂಭವ ಕಡಿಮೆ. ಬರ್ಲಿನ್ ಎಸ್-ಬಾನ್‌ನ ಬಹುಪಾಲು ಮಾರ್ಗ ತೆರೆದ ಆಕಾಶದ ಕೆಳಗಿದೆ. ಮರದ ಕೊಂಬೆ, ಹಿಮ, ಹಂದಿ, ಹಳಿ ದಾಟುವ ಜನ ಎಲ್ಲವನ್ನೂ ಗುರುತಿಸಬೇಕು. ಯಂತ್ರ ಗಾಲಿ ಜಾರದಂತೆ ಒಂದೇ ಹದದಲ್ಲಿ ಬ್ರೇಕು ಹಾಕಬಲ್ಲದು, ಸುತ್ತಿನ ವೇಳೆಯಲ್ಲಿ ಅರ್ಧ ನಿಮಿಷ ಉಳಿಸಬಲ್ಲದು, ಆ ಲಾಭ ನಿಜವಾದದ್ದು. ಕಾರ್ಯಾಗಾರದ ಗುಂಡಿಗಿಳಿದು ಗಾಲಿಯ ಬಿರುಕು ಹುಡುಕುವವರ ಸಂಖ್ಯೆಯನ್ನು ಮಾತ್ರ ಅದು ಒಬ್ಬರಷ್ಟೂ ತಗ್ಗಿಸುವುದಿಲ್ಲ.