ನನ್ನ ಮನೆ ಸಾಲ 1907ಕ್ಕೇ ತೀರಿದೆಯಂತೆ!

ಮನೆ ಸಾಲ ತಗೊಂಡ ಹೊಸದರಲ್ಲಿ ಕಂತಿನ ಲೆಕ್ಕ ಇಡೋಕೆ ಯಾವುದೋ ಹಳೇ ಆ್ಯಪ್ ಹಾಕಿಕೊಂಡಿದ್ದೆ. ಕೊನೆಯ ಕಂತು 2043ರ ಮಾರ್ಚ್ 5 ಅಂತ ತುಂಬಿಸಿದರೆ ಅದು ತೋರಿಸಿದ್ದು 1907ರ ಜನವರಿ! ಅಮ್ಮನಿಗೆ ಹೇಳಿದೆ. "ಹಂಗಾದ್ರೆ ನಿಮ್ಮ ಮುತ್ತಾತನೇ ತೀರಿಸಿರಬೇಕು ಬಿಡೋ" ಅಂದಳು.

ನಗು ಬಂತು, ನಿದ್ದೆ ಬರಲಿಲ್ಲ. ಅರ್ಧ ಸಂಬಳ ನುಂಗೋ ಸಾಲ ಇದು. ಬ್ಯಾಂಕಿನ ಕಂಪ್ಯೂಟರಿನಲ್ಲೂ ಹೀಗೇ ಇದ್ದರೆ?

ಹುಡುಕಿದಾಗ ಸಿಕ್ಕಿದ್ದು ಒಂದು ಸಂಖ್ಯೆ: 2,14,74,83,647. ಮೂವತ್ತೊಂದು ಎರಡುಗಳನ್ನು ಗುಣಿಸಿ, ಒಂದು ಕಳೆದರೆ ಬರುವುದು ಇದೇ. ಕಂಪ್ಯೂಟರಿನ ಭಾಷೆಯಲ್ಲಿ ಬರೆದರೆ ಸಾಲಾಗಿ ಮೂವತ್ತೊಂದು 1ಗಳು. ಹಳೇ ವ್ಯವಸ್ಥೆಗಳಲ್ಲಿ ಒಂದು ಸಂಖ್ಯೆಗೆ 32 ಬಿಟ್ ಜಾಗ. ಅದರಲ್ಲಿ ಒಂದು ಪ್ಲಸ್ಸೋ ಮೈನಸ್ಸೋ ಅಂತ ಹೇಳೋಕೆ. ಉಳಿದ 31 ಭರ್ತಿಯಾದರೆ ಮುಗೀತು. ಅನೇಕ ಕಂಪ್ಯೂಟರುಗಳು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತಾ ಬಂದಿವೆ. 32 ಬಿಟ್‌ನವಕ್ಕೆ ಆ ಎಣಿಕೆ ತುಂಬೋದು 2038ರ ಜನವರಿ 19, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ. ಮರುಕ್ಷಣ ಲೆಕ್ಕ ಮೈನಸ್ಸಿಗೆ ಜಾರಿ, ಕ್ಯಾಲೆಂಡರ್ 1901ರ ಡಿಸೆಂಬರಿಗೆ ಹೋಗುತ್ತೆ. ನನ್ನ 2043, ಅಲ್ಲಿಂದ ಐದು ವರ್ಷ ಮುಂದಕ್ಕೆ, 1907ಕ್ಕೆ ಬಿದ್ದಿತ್ತು.

ಆದರೆ ನನಗೆ ಹಿಡಿಸಿದ್ದು ಇದರ ಇನ್ನೊಂದು ಮುಖ. ಇದು ಅವಿಭಾಜ್ಯ ಸಂಖ್ಯೆ. ಅದನ್ನು 1772ರಲ್ಲಿ ಖಚಿತಪಡಿಸಿದವನು ಲಿಯೊನಾರ್ಡ್ ಆಯ್ಲರ್, ಆಗ ಅವನಿಗೆ ಕಣ್ಣು ಹೆಚ್ಚುಕಮ್ಮಿ ಕಾಣುತ್ತಲೇ ಇರಲಿಲ್ಲ! ಸುಮ್ಮನೆ ಭಾಗಿಸುತ್ತಾ ಹೋದರೆ, ವರ್ಗಮೂಲವಾದ ಸುಮಾರು 46,340ರವರೆಗಿನ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳನ್ನು ಪರೀಕ್ಷಿಸಬೇಕು. ಆಯ್ಲರ್ ಮೊದಲು ಸೋಸಿದ. ಇದನ್ನು ಭಾಗಿಸಬಲ್ಲ ಅವಿಭಾಜ್ಯ ಏನಾದರೂ ಇದ್ದರೆ, ಅದನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಲೇಬೇಕು. ಅಲ್ಲಿಗೆ ಪಟ್ಟಿ ನೂರಕ್ಕಿಂತ ಕಡಿಮೆಯಾಯ್ತು. ಮೊದಲನೆಯದು 311, ಎರಡನೆಯದು 1303. ಫೋನಿನ ಕ್ಯಾಲ್ಕುಲೇಟರಲ್ಲಿ 311ರಿಂದ ಭಾಗಿಸಿ ನೋಡಿ, 35 ಉಳಿಯುತ್ತೆ. ಕೊನೆಯವರೆಗೂ ಅಷ್ಟೇ, ಯಾವುದಕ್ಕೂ ಇದು ಬಗ್ಗಲ್ಲ.

1811ರಲ್ಲಿ ಪೀಟರ್ ಬಾರ್ಲೋ ಅನ್ನುವ ಗಣಿತಜ್ಞ, ಈ ಸಂಖ್ಯೆಯಿಂದ ಸಿಗುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಹುಡುಕಲಾರರು, ಇವೆಲ್ಲ ಬರೀ ಕುತೂಹಲಕ್ಕೆ, ಉಪಯೋಗಕ್ಕಲ್ಲ ಎಂಬರ್ಥದಲ್ಲಿ ಬರೆದಿದ್ದ. ಪಾಪ, ಎರಡೂ ಸುಳ್ಳಾಯ್ತು. 2014ರಲ್ಲಿ ಗಂಗ್ನಮ್ ಸ್ಟೈಲ್ ಹಾಡಿನ ವೀಕ್ಷಣೆ ಈ ಸಂಖ್ಯೆ ದಾಟುವ ಹೊತ್ತಿಗೆ ಯೂಟ್ಯೂಬ್ ತನ್ನ ಎಣಿಕೆಯನ್ನೇ 64 ಬಿಟ್‌ಗೆ ಏರಿಸಬೇಕಾಯ್ತು. 64 ಬಿಟ್‌ನಲ್ಲಿ ಸೆಕೆಂಡು ಎಣಿಸಿದರೆ ಸುಮಾರು 29 ಸಾವಿರ ಕೋಟಿ ವರ್ಷ ಚಿಂತೆಯಿಲ್ಲ.

ಮರುದಿನವೇ ಬ್ಯಾಂಕಿನಿಂದ ಕಂತಿನ ಪಟ್ಟಿ ತರಿಸಿ ನೋಡಿದೆ. ಕೊನೇ ಸಾಲಿನಲ್ಲಿ 2043 ಅಂತ ಸರಿಯಾಗಿಯೇ ಇತ್ತು. ಆ್ಯಪ್ ಕಿತ್ತು ಹಾಕಿದೆ. ಅಮ್ಮ ಮಾತ್ರ ಪ್ರತಿ ತಿಂಗಳು 5ರಂದು, ದುಡ್ಡು ಕಟ್ಟಾದ ಮೆಸೇಜ್ ಬಂದಾಗ, "ಆ ಹಳೇದೇ ಚೆನ್ನಾಗಿತ್ತಲ್ಲೋ" ಅಂತಾಳೆ.