ಎಂಜಿನ್‌ಗೆ ಪೌಡರ್ ಕೋಟಿಂಗ್: ಹೊಳಪು ನೋಡಿ ಮರುಳಾದೀರಿ, ಜೋಕೆ!

ಕುಮಾರಪಟ್ಟಣ: ತುಂಗಭದ್ರೆಯ ಈ ದಂಡೆಗೆ ಕುಮಾರಪಟ್ಟಣ, ಆ ದಂಡೆಗೆ ಹರಿಹರ. ಜಿಲ್ಲೆ ಬೇರೆ, ತಾಲ್ಲೂಕು ಬೇರೆ. ಆದರೆ ಕಾರ್ಖಾನೆ ಸೈರನ್ನು ಎರಡೂ ಊರಿಗೂ ಹೊಸತಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಮಷೀನಿಗೆ ಹೆಸರಾಗಿತ್ತು. 1970ರ ದಶಕದಲ್ಲಿ ಕುಮಾರಪಟ್ಟಣದಲ್ಲಿ ಬಿರ್ಲಾದವರ ಪಾಲಿಫೈಬರ್ಸ್ ಎದ್ದು ನಿಂತಿತು. ಕಿರ್ಲೋಸ್ಕರ್ ಬಾಗಿಲು ಹಾಕಿ ವರ್ಷಗಳೇ ಉರುಳಿವೆ. ಆದರೂ ಕಬ್ಬಿಣ ಅಂದರೇನು, ಅಳತೆ ಅಂದರೇನು ಅಂತ ಈ ಸೀಮೆಯ ಜನಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಹೊಳಪಿನ ವಿಷಯ ಮಾತ್ರ.

ಹಳೇ ಕಾರು, ಜೀಪು, ಬೈಕಿನ ಎಂಜಿನ್ ಬಿಚ್ಚಿದಾಗ ಈಗ ಒಂದು ಮಾತು ಬಂದೇ ಬರುತ್ತದೆ: ‘ಹೆಂಗೂ ಬಿಚ್ಚೀವಿ, ಪೌಡರ್ ಕೋಟಿಂಗ್ ಮಾಡಿಸಿಬಿಡ್ರಿ.’ ಮಾಡಿಸಬಾರದೇನಿಲ್ಲ. ಚೆನ್ನಾಗಿ ಮಾಡಿಸಿದರೆ ಡಬ್ಬಿ ಬಣ್ಣಕ್ಕಿಂತ ಎಷ್ಟೋ ಪಾಲು ಗಟ್ಟಿ. ಕೆಟ್ಟದಾಗಿ ಮಾಡಿಸಿದರೆ ಬಣ್ಣದ ಜತೆ ಎಂಜಿನ್ನೂ ಹೋಗುತ್ತದೆ. ಬಾಡಿಗೆ ಗಾಡಿ ಓಡಿಸಿ ಸಂಸಾರ ನಡೆಸುವವರಿಗೆ ಇದು ಶೋಕಿಯ ಮಾತಲ್ಲ, ಹೊಟ್ಟೆಯ ಮಾತು.

ಪುಡಿಗೆ ಕರೆಂಟು, ಲೋಹಕ್ಕೆ ಅರ್ಥಿಂಗ್

1950ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ ವಿದ್ಯೆ ಇದು. ಇದರಲ್ಲಿ ತಿನ್ನರ್ ಇಲ್ಲ, ಬ್ರಷ್ ಇಲ್ಲ. ಹಿಟ್ಟಿನಂಥ ಪ್ಲಾಸ್ಟಿಕ್ ಪುಡಿಗೆ ಗನ್ನಿನಲ್ಲಿ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ ಕೊಟ್ಟು ತೂರುತ್ತಾರೆ. ಅರ್ಥಿಂಗ್ ಕೊಟ್ಟ ಲೋಹಕ್ಕೆ ಪುಡಿ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಆಮೇಲೆ ಒಲೆಯಲ್ಲಿಟ್ಟು ಸುಮಾರು 180ರಿಂದ 200 ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಪುಡಿ ಕರಗಿ, ಹರಡಿ, ಗಟ್ಟಿಯಾಗುತ್ತದೆ. ದಪ್ಪ 60ರಿಂದ 80 ಮೈಕ್ರಾನ್ ಇದ್ದರೆ ಹದ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಅಂದರೆ ಲೆಕ್ಕ ತಿಳಿದೀತು.

ತೂರುವುದು ಸುಲಭ, ಕೈ ಕೊಡುವುದು ಅದಕ್ಕೆ ಮುಂಚಿನ ಕೆಲಸ. ವರ್ಷಾನುಗಟ್ಟಲೆ ಎಣ್ಣೆ ಕುಡಿದ ಸಾಮಾನು ಇದು. ಮೇಲೆ ಒರೆಸಿದರೆ ಸಾಲದು. ಅಲ್ಯೂಮಿನಿಯಂ ಎರಕದ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಎಣ್ಣೆ, ಗಾಳಿ ಅಡಗಿರುತ್ತದೆ. ಹಾಗೇ ಪುಡಿ ಹೊಡೆದು ಒಲೆಗಿಟ್ಟರೆ ಅದು ಕುದ್ದು ಹೊರಬಂದು ಬಣ್ಣದ ತುಂಬ ಗುಳ್ಳೆ ಏಳುತ್ತದೆ. ಬಲ್ಲವರು ಮೊದಲು ಬರಿ ಸಾಮಾನನ್ನೇ ಒಮ್ಮೆ ಕಾಯಿಸಿ, ಬಂದದ್ದನ್ನೆಲ್ಲ ತೆಗೆದು, ಆಮೇಲೆ ಪುಡಿ ಹೊಡೆಯುತ್ತಾರೆ. ಕಬ್ಬಿಣಕ್ಕಾದರೆ ಎಣ್ಣೆ ತೆಗೆಯುವುದು, ತುಕ್ಕು ತೆಗೆಯುವುದು, ಫಾಸ್ಫೇಟ್ ಅದ್ದುವುದು, ನಡುನಡುವೆ ನೀರಿನಲ್ಲಿ ತೊಳೆಯುವುದು ಅಂತ ಸಾಲಾಗಿ ಏಳು ತೊಟ್ಟಿ ಇರುತ್ತವೆ. ಅಲ್ಯೂಮಿನಿಯಂ ದಾರಿಯೇ ಬೇರೆ. ಕಾಸ್ಟಿಕ್ ಸೋಡಾದಲ್ಲಿ ಬಿಟ್ಟರೆ ಅದು ಕರಗತೊಡಗುತ್ತದೆ. ಎರಡನ್ನೂ ಒಂದೇ ತೊಟ್ಟಿಗೆ ಅದ್ದುವವರಿಗೆ ನಮಸ್ಕಾರ ಹೇಳಿ ವಾಪಸು ಬರುವುದು ಲೇಸು.

ಒಂದು ಮರಳಿನ ಕಣ

ಹಳೇ ಬಣ್ಣ ಕೀಳಲು ಬ್ಲಾಸ್ಟಿಂಗ್ ಮಾಡ್ತಾರೆ. ಕಣಗಳನ್ನು ಗಾಳಿಯ ರಭಸದಲ್ಲಿ ಹೊಡೆಯುತ್ತಾರೆ. ನಿಜವಾದ ಅಪಾಯ ಇಲ್ಲಿದೆ. ವಾಲ್ವ್ ಕವರಿನ ಒಳಮಡಿಕೆಯಲ್ಲೋ, ಎಣ್ಣೆ ಹರಿಯುವ ತೂತಿನಲ್ಲೋ ಕಣ ಸಿಕ್ಕಿಕೊಂಡರೆ ಎಂಜಿನ್ ಚಾಲೂ ಆದಮೇಲೆ ಎಣ್ಣೆಯ ಜತೆ ಬೇರಿಂಗಿಗೆ ಹೋಗಿ ಸೇರುತ್ತದೆ. ಬೇರಿಂಗ್ ಗೀರಿ ಹೋದರೆ ಹೊಳೆಯುವ ಕವರು ಇಟ್ಟುಕೊಂಡು ಪೂಜೆ ಮಾಡಬೇಕಷ್ಟೇ! ಇನ್ನು ಹೊಳೆ ಮರಳಿನಿಂದ ಬ್ಲಾಸ್ಟ್ ಮಾಡಿದರೆ ಆ ಧೂಳು ಕೆಲಸದ ಹುಡುಗನ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಅದು ವಾಸಿಯಾಗುವ ಕಾಯಿಲೆಯಲ್ಲ.

ಬೋಲ್ಟಿನ ಹಲ್ಲು, ಗ್ಯಾಸ್ಕೆಟ್ ಕೂರುವ ಮುಖ, ಬೇರಿಂಗ್ ಕೂರುವ ತೂತು, ಇವಕ್ಕೆ ಬಣ್ಣ ಬೀಳಬಾರದು. ಶಾಖ ತಾಳುವ ಟೇಪು, ಸಿಲಿಕೋನ್ ಬಿರಡೆ ಹಾಕಿ ಮುಚ್ಚಬೇಕು. ಇಲ್ಲದಿದ್ದರೆ ಬೋಲ್ಟ್ ಹತ್ತುವುದಿಲ್ಲ, ಎಣ್ಣೆ ಸೋರುವುದು ನಿಲ್ಲುವುದಿಲ್ಲ.

ಯಾವುದಕ್ಕೆ ಹೊಡೆಸಬಹುದು? ವಾಲ್ವ್ ಕವರ್, ಎಣ್ಣೆ ಸಂಪ್, ಬ್ರಾಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್, ಇವಕ್ಕೆ ಅಡ್ಡಿಯಿಲ್ಲ. ಸೈಲೆನ್ಸರ್ ಕಡೆಯ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಸಾಮಾನ್ಯ ಪುಡಿ ನಡೆಯದು, ಸುಟ್ಟು ಹೋಗುತ್ತದೆ. ಅದಕ್ಕೆ ಸಿಲಿಕೋನ್ ಬೆರೆತ ಬೇರೆ ಪುಡಿಯೇ ಬೇಕು. ಎಪಾಕ್ಸಿ ಪುಡಿ ಎಣ್ಣೆಗೆ ಜಗ್ಗುವುದಿಲ್ಲ, ಆದರೆ ಬಿಸಿಲಿಗೆ ಮಂಕಾಗುತ್ತದೆ. ಬಿಸಿಲು ಕಾಣುವ ಬೈಕ್ ಎಂಜಿನ್‌ಗೆ ಪಾಲಿಯೆಸ್ಟರ್ ಪುಡಿ ವಾಸಿ.

ಗಿರಾಕಿ ಕೈಯಲ್ಲಿದೆ ಪರೀಕ್ಷೆ

ಒಲೆಯ ಮೀಟರು 200 ತೋರಿಸಿತು ಅಂದಾಕ್ಷಣ ಸಾಮಾನು ಬೆಂದಿತು ಅಂತಲ್ಲ. ದಪ್ಪ ಎರಕ ನಿಧಾನ ಕಾಯುತ್ತದೆ. ಲೋಹವೇ ಆ ಶಾಖಕ್ಕೆ ಬಂದಮೇಲೆ ಹತ್ತು ಇಪ್ಪತ್ತು ನಿಮಿಷದ ಲೆಕ್ಕ ಶುರು. ಕರೆಂಟು, ಗ್ಯಾಸು ಉಳಿಸಲು ಬೇಗ ತೆಗೆದರೆ ಹೊಳಪು ಬರುತ್ತದೆ, ಗಟ್ಟಿತನ ಬರುವುದಿಲ್ಲ. ಬಟ್ಟೆಗೆ ತಿನ್ನರ್ ಹಚ್ಚಿ ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಹತ್ತಿದರೆ ಅರೆಬೆಂದದ್ದು. ಅದೇ ಪುಡಿ ಹೊಡೆದು ಜತೆಯಲ್ಲೇ ಬೇಯಿಸಿದ ತಗಡಿನ ಚೂರೊಂದನ್ನು ಕೇಳಿ. ಬ್ಲೇಡಿನಿಂದ ಚೌಕಳಿ ಗೀರಿ, ಟೇಪು ಅಂಟಿಸಿ ಕಿತ್ತಾಗ ಬಣ್ಣ ಎದ್ದು ಬಂದರೆ ತೊಳೆದದ್ದು ಸುಳ್ಳು.

ಕೊನೆಗೆ ಒಂದು ಪ್ರಶ್ನೆ: ತೊಳೆದ ನೀರು ಎಲ್ಲಿಗೆ ಹೋಯಿತು? ಆ ತೊಟ್ಟಿಗಳಲ್ಲಿ ಆಮ್ಲ, ಫಾಸ್ಫೇಟ್ ಇರುತ್ತದೆ, ಕೆಲವೆಡೆ ಕ್ಯಾನ್ಸರ್ ತರುವಂಥ ಕ್ರೋಮಿಯಂ ಕೂಡ. ಶುದ್ಧಿ ಮಾಡದೆ ಚರಂಡಿಗೆ ಬಿಟ್ಟರೆ ನದಿ ದಂಡೆಯ ಊರಲ್ಲಿ ಅದು ಸೇರುವುದು ತುಂಗಭದ್ರೆಗೆ. 1980ರ ದಶಕದಲ್ಲಿ ನದಿ ಕೆಡುತ್ತಿದೆ ಅಂತ ಇದೇ ಸೀಮೆಯ ಜನ ಬೀದಿಗಿಳಿದದ್ದನ್ನು ಹಿರಿಯರು ಮರೆತಿಲ್ಲ. ದೊಡ್ಡ ಕಾರ್ಖಾನೆಗೆ ಕೇಳಿದ ಪ್ರಶ್ನೆಯನ್ನು ಸಣ್ಣ ಶೆಡ್ಡಿಗೂ ಕೇಳಬೇಕಾದ್ದೇ. ರೇಟು ಕೇಳುವ ಮುಂಚೆ ತೊಟ್ಟಿ ತೋರಿಸಿ ಅನ್ನಿ. ತೋರಿಸಲು ಹಿಂದೇಟು ಹಾಕಿದರೆ ಸಾಮಾನು ಚೀಲಕ್ಕೆ ತುಂಬಿಕೊಂಡು ಮುಂದಿನ ಬಸ್ಸು ಹತ್ತಿ.